ಸೀಟಿ ಎಣಿಸಬೇಡಿ

ಮೂವರೂ ಒಂದೇ ಪ್ರಶ್ನೆ ಕೇಳಿದ್ದೀರಿ. ಮೂರು ಸಲ ಬರೆಯುವ ಬದಲು ಮೂವರಿಗೂ ಸೇರಿಸಿ ಒಂದೇ ಸಲ ಬರೆಯುತ್ತಿದ್ದೇನೆ. ಬೀದರದ ಬಾಡಿಗೆ ಕೋಣೆಯಲ್ಲಿ ಕೂತು ಪರೀಕ್ಷೆಗೆ ಓದುತ್ತಿರುವವನು ಒಬ್ಬ, ಭಾಲ್ಕಿಯಲ್ಲಿ ಅಪ್ಪನ ಕಬ್ಬು ನೋಡಿಕೊಳ್ಳುವವನು ಒಬ್ಬ, ಔರಾದದಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯುವವಳು ಒಬ್ಬಳು. ಅಣಬೆ ಬೆಳೆಯಲು ಬೇಕಾದ ಲಿಕ್ವಿಡ್ ಕಲ್ಚರ್, ಅಂದರೆ ಬಾಟ್ಲಿಯ ಸಿಹಿನೀರಿನಲ್ಲಿ ಬೆಳೆಸಿದ ಅಣಬೆಯ ಬಿಳಿ ಎಳೆ, ಮನೆಯಲ್ಲೇ ಮಾಡಿಕೊಳ್ಳಬಹುದಾ ದೊಡ್ಡವ್ವಾ ಅಂತ ಕೇಳಿದ್ದೀರಿ.

ಮಾಡಿಕೊಳ್ಳಬಹುದು. ಬೇಕಾದ ಸಾಮಾನಿನಲ್ಲಿ ಅರ್ಧ ನಿಮ್ಮ ಅಡುಗೆಮನೆಯಲ್ಲೇ ಇದೆ, ಇನ್ನರ್ಧ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಹತ್ತಿಯ ಬಿರಡೆ ಸುತ್ತುತ್ತ, ಅಗರ್ ಕಾಯಿಸುತ್ತ ಕೂದಲು ಬೆಳ್ಳಗಾದವಳು ನಾನು. ಅಳತೆ ಕೇಳಿದರೆ ಒಂದು ನಿಮಿಷದಲ್ಲಿ ಹೇಳಿ ಮುಗಿಸಬಲ್ಲೆ. ಆದರೆ ಈ ಕೆಲಸ ಕೆಡುವುದು ಅಳತೆಯಲ್ಲಲ್ಲ. ಬಾಟ್ಲಿ ಒಳ್ಳೆಯದೋ ಕೆಟ್ಟದ್ದೋ ಎಂದು ಗೊತ್ತಾಗುವ ಮೊದಲೇ ಅದನ್ನು ಮುಂದಕ್ಕೆ ಸಾಗಿಸುವ ಅವಸರದಲ್ಲಿ ಕೆಡುತ್ತದೆ. ಇಡೀ ಪತ್ರದಲ್ಲಿ ನಾನು ಹೇಳುವುದು ಹೆಚ್ಚಾಗಿ ಅದನ್ನೇ.

ಮೊದಲನೆಯದಾಗಿ, ಅಣಬೆಯನ್ನೇ ಒಮ್ಮೆಯೂ ಬೆಳೆಯದೆ ಲಿಕ್ವಿಡ್ ಕಲ್ಚರಿಗೆ ಕೈ ಹಾಕಬೇಡಿ. ಸಿದ್ಧ ಬೀಜ ತಂದು, ಹೊಟ್ಟು ಬೇಯಿಸಿ, ಚೀಲ ತುಂಬಿ, ಚಿಪ್ಪಣಬೆ ಒಂದು ಬೆಳೆ ತೆಗೆಯಿರಿ. ಬೀದರದಿಂದ ಔರಾದಕ್ಕೆ ಹೋಗುವ ದಾರಿಯಲ್ಲೇ ಜನವಾಡ ಇದೆ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರ ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೋಗಿ, ಅಣಬೆ ತರಬೇತಿ ಯಾವಾಗ ಎಂದು ಕೇಳಿ. ಕೇಳಲು ನಾಚಿಕೊಳ್ಳಬೇಡಿ. ಬೆಳೆದ ಅಣಬೆ ಹೇಗಿರುತ್ತದೆ, ಒಳ್ಳೆಯ ಬೀಜ ಹೇಗೆ ಕಾಣುತ್ತದೆ, ಹೇಗೆ ವಾಸನೆ ಬರುತ್ತದೆ ಎಂದು ಕಣ್ಣು ಮೂಗಿಗೆ ರೂಢಿಯಾದ ಮೇಲೆ ಬಾಟ್ಲಿಯ ವಿಷಯ.

ಹಾಗಾದರೆ ಬಾಟ್ಲಿ ಯಾಕೆ ಬೇಕು? ನಮ್ಮ ಜಿಲ್ಲೆ ರಾಜ್ಯದ ತಲೆಯ ಮೇಲಿದೆ. ಬೆಂಗಳೂರಿನ ಹತ್ತಿರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಿಂದ ಬೀಜ ತರಿಸಿದರೆ ಅದು ರಾತ್ರಿಯಿಡೀ ಬಸ್ಸಿನಲ್ಲಿ ಬರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬಿದ್ದ ಬೀಜದ ಪ್ಯಾಕೆಟ್ ಊರು ಮುಟ್ಟುವ ಹೊತ್ತಿಗೆ ಅರ್ಧ ಬೆಂದಿರುತ್ತದೆ. ಹೈದರಾಬಾದ್ ಹತ್ತಿರ, ನಿಜ. ಆದರೆ ಬೇಕಾದ ವಾರಕ್ಕೆ ಬೇಕಾದಷ್ಟು ಬೀಜ ಅಲ್ಲಿಯೂ ಸಿಗಬೇಕಲ್ಲ. ಒಳ್ಳೆಯ ತಳಿಯ ಒಂದಿಷ್ಟು ಎಳೆ ಕೈಗೆ ಸಿಕ್ಕರೆ, ಅದನ್ನು ಸಿಹಿನೀರಿನಲ್ಲಿ ಬೆಳೆಸಿ, ಜೋಳಕ್ಕೆ ಚುಚ್ಚಿ, ನಿಮ್ಮ ಬೀಜ ನೀವೇ ಮಾಡಿಕೊಳ್ಳಬಹುದು. ಅದಕ್ಕೇ ಈ ಬಾಟ್ಲಿ.

ಇದು ಹೊಸ ಹುಚ್ಚೂ ಅಲ್ಲ. ಕಾಳಿನ ಮೇಲೆ ಅಣಬೆ ಬೀಜ ಮಾಡುವ ವಿಧಾನಕ್ಕೆ ಅಮೆರಿಕದ ಜೇಮ್ಸ್ ಸಿಂಡೆನ್ 1932ರಲ್ಲಿ ಪೇಟೆಂಟ್ ಪಡೆದರು. ಅದೇ ದೇಶದ ಹ್ಯಾರಿ ಹಮ್‌ಫೆಲ್ಡ್ ಅಣಬೆಯ ಎಳೆಯನ್ನು ದ್ರವದೊಳಗೆ ಮುಳುಗಿಸಿ ಬೆಳೆಸಿದ್ದನ್ನು 1948ರಲ್ಲಿ ಪ್ರಕಟಿಸಿದರು. ದೊಡ್ಡ ಕಾರ್ಖಾನೆಗಳು ಉಕ್ಕಿನ ತೊಟ್ಟಿಯಲ್ಲಿ ಮಾಡುವುದನ್ನು ನೀವು ಒಂದು ಗಾಜಿನ ಬಾಟ್ಲಿಯಲ್ಲಿ ಮಾಡುತ್ತೀರಿ, ಅಷ್ಟೇ.

ಈಗ ಅಳತೆ. ಅರ್ಧ ಲೀಟರ್ ನೀರಿಗೆ 10 ಗ್ರಾಂ ಸಕ್ಕರೆಯ ಅಂಶ. ಮಾಲ್ಟ್ ಎಕ್ಸ್‌ಟ್ರಾಕ್ಟ್ ಸಿಕ್ಕರೆ ಎಲ್ಲಕ್ಕಿಂತ ಛಲೋ. ಇಲ್ಲದಿದ್ದರೆ ಡೆಕ್ಸ್ಟ್ರೋಸ್, ಅದೂ ಇಲ್ಲದಿದ್ದರೆ ಜೇನು. ಪೆಪ್ಟೋನ್ ಅಥವಾ ಯೀಸ್ಟ್ ಎಕ್ಸ್‌ಟ್ರಾಕ್ಟ್ ಅರ್ಧ ಗ್ರಾಂ ಸೇರಿಸಿದರೆ ಎಳೆ ಬೇಗ ಮೈದುಂಬುತ್ತದೆ, ಸಿಗದಿದ್ದರೆ ಚಿಂತೆ ಬೇಡ. ಸಿಹಿ ಹೆಚ್ಚಾದಷ್ಟೂ ಬೆಳೆ ಹೆಚ್ಚು ಎಂದು ಲೆಕ್ಕ ಹಾಕಬೇಡಿ. ನೂರಕ್ಕೆ ನಾಲ್ಕು ಪಾಲು ದಾಟಿದರೆ ಎಳೆಯ ಓಟ ನಿಧಾನವಾಗುತ್ತದೆ, ಕುಕ್ಕರಿನಲ್ಲಿ ಸಕ್ಕರೆ ಕಂದುಬಣ್ಣಕ್ಕೆ ತಿರುಗುತ್ತದೆ.

ಭಾಲ್ಕಿಯವನು ಇಲ್ಲಿ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಾನೆಂದು ನನಗೆ ಗೊತ್ತು. ಮನೆಯ ಕಬ್ಬು, ಮನೆಯ ಬೆಲ್ಲ, ದುಡ್ಡು ಯಾಕೆ ಕೊಡಬೇಕು ಎನ್ನುವ ಲೆಕ್ಕ. ತಮ್ಮಾ, ಬೆಲ್ಲದ ನೀರಿನಲ್ಲಿ ಎಳೆ ಬೆಳೆಯುತ್ತದೆ, ಬೆಳೆಯುವುದಿಲ್ಲ ಎಂದಲ್ಲ. ಆದರೆ ಬೆಲ್ಲದ ನೀರು ಮೊದಲೇ ಕಂದು, ಮೊದಲೇ ಮಬ್ಬು. ಒಳಗೆ ಬ್ಯಾಕ್ಟೀರಿಯಾ ಹೊಕ್ಕು ನೀರು ಕದಡಿದರೆ ನಿನಗೆ ತಿಳಿಯುವುದು ಹೇಗೆ? ನಮ್ಮ ಹತ್ತಿರ ಸೂಕ್ಷ್ಮದರ್ಶಕ ಇಲ್ಲ, ಇರುವುದು ಎರಡು ಕಣ್ಣು. ಅವು ಕೆಲಸ ಮಾಡಬೇಕಾದರೆ ನೀರು ತಿಳಿಯಾಗಿರಬೇಕು. ಕಬ್ಬಿನ ಹಾಲನ್ನಂತೂ ಹಾಗೇ ಹಾಕಬೇಡ, ಅದರಲ್ಲಿ ಸಕ್ಕರೆ ಅತಿಯಾಯಿತು. ರುಚಿ ಬಣ್ಣ ಬೆರೆಸಿದ ಗ್ಲುಕೋಸ್ ಪುಡಿಯೂ ಬೇಡ, ಅದರಲ್ಲಿ ಕರಗದ ಪುಡಿ ತಳಕ್ಕೆ ಕೂತು ಕಣ್ಣಿಗೆ ಮೋಸ ಮಾಡುತ್ತದೆ.

ಬಾಟ್ಲಿ ಗಾಜಿನದೇ ಇರಲಿ. ಹಿಂದೆ ಬೀಜದ ಲ್ಯಾಬುಗಳಲ್ಲಿ ಆಸ್ಪತ್ರೆಯಿಂದ ಬಂದ ಗ್ಲುಕೋಸಿನ ಗಾಜಿನ ಬಾಟ್ಲಿಗಳನ್ನೇ ತೊಳೆದು ಬಳಸುತ್ತಿದ್ದೆವು. ಅವು ಈಗ ಅಪರೂಪ. ದಪ್ಪ ಗಾಜಿನ, ತಗಡಿನ ಮುಚ್ಚಳದ ಉಪ್ಪಿನಕಾಯಿ ಬಾಟ್ಲಿ ಸಾಕು. ಮುಚ್ಚಳಕ್ಕೆ ಎರಡು ತೂತು ಹೊಡೆಯಿರಿ. ಒಂದಕ್ಕೆ ಹತ್ತಿ ಬಿಗಿಯಾಗಿ ತುರುಕಬೇಕು. ಅದು ಮೆಡಿಕಲ್ ಅಂಗಡಿಯ ಗಾಯದ ಹತ್ತಿ ಅಲ್ಲ, ಅದು ನೀರು ಕುಡಿಯುತ್ತದೆ. ನೀರು ಹೀರದ ಹತ್ತಿ ಬೇಕು, ಗಾದಿ ತುಂಬುವ ಹತ್ತಿಯ ಜಾತಿ. ಎಳೆಗೆ ಉಸಿರು ಬೇಕು, ಗಾಳಿ ಆ ಹತ್ತಿಯ ಮೂಲಕ ಹೋಗಿ ಬರುತ್ತದೆ, ಧೂಳು ಹೊರಗೇ ಉಳಿಯುತ್ತದೆ. ಇನ್ನೊಂದು ತೂತಿಗೆ ಶಾಖ ತಡೆಯುವ ಸಿಲಿಕೋನ್ ಅಂಟು ಒಳಗೂ ಹೊರಗೂ ದಪ್ಪಗೆ ಹಚ್ಚಿ ಒಂದು ದಿನ ಒಣಗಲು ಬಿಡಿ. ಸೂಜಿ ಚುಚ್ಚಿ ತೆಗೆದರೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಬಾಟ್ಲಿಯೊಳಗೆ ಎರಡು ಗಾಜಿನ ಗೋಲಿ ಹಾಕಿ, ಮಕ್ಕಳು ಆಡುವ ಗೋಲಿಯೇ. ಮುಂದೆ ಬಾಟ್ಲಿ ಅಲುಗಾಡಿಸಿದಾಗ ಎಳೆಯ ಮುದ್ದೆಯನ್ನು ಒಡೆಯುವುದು ಅವೇ. ನೀರು ಮೂರರಲ್ಲಿ ಎರಡು ಪಾಲು ಮಾತ್ರ. ಹತ್ತಿಯ ಮೇಲೆ ಫಾಯಿಲ್ ಸುತ್ತಿ.

ಇನ್ನು ಕುಕ್ಕರ್. ಮನೆ ಮನೆಯಲ್ಲಿ ಎಲ್ಲರೂ ಎಡವುವುದು ಇಲ್ಲೇ.

ಅನ್ನಕ್ಕೆ ಮೂರು ಸೀಟಿ, ಬೇಳೆಗೆ ನಾಲ್ಕು ಸೀಟಿ ಎನ್ನುವುದು ಅಡುಗೆಯ ಲೆಕ್ಕ. ಇಲ್ಲಿ ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಉರಿ ಜೋರಿದ್ದರೆ ಹತ್ತು ಸೀಟಿ ಹತ್ತೇ ನಿಮಿಷದಲ್ಲಿ ಮುಗಿಯುತ್ತವೆ, ಬಾಟ್ಲಿಯ ನಡುವಿನ ನೀರು ಇನ್ನೂ ಪೂರಾ ಕಾದಿರುವುದಿಲ್ಲ. ಬರೇ ಕುದಿಸಿದರೆ ಸಾಯದ ಬೀಜಕಣಗಳನ್ನು ಕೆಲವು ಬ್ಯಾಕ್ಟೀರಿಯಾ ಕಟ್ಟಿಕೊಂಡಿರುತ್ತವೆ. ಅವನ್ನು ಕೊಲ್ಲಲು 121 ಡಿಗ್ರಿ ಹಬೆ ಬೇಕು ಎಂದು ಲ್ಯಾಬಿನ ಲೆಕ್ಕ. ಬೀದರ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ನಮ್ಮಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಕುಕ್ಕರಿನೊಳಗೂ ಒಂದೆರಡು ಡಿಗ್ರಿ ಕಡಿಮೆಯೇ ಸಿಗುತ್ತದೆ. ಅದಕ್ಕೆ ಪುಸ್ತಕ 20 ನಿಮಿಷ ಎಂದರೆ ನೀವು 30 ನಿಮಿಷ ಇಡಿ. ಅದಕ್ಕಿಂತ ಹೆಚ್ಚು ಬೇಡ, ಸಕ್ಕರೆ ಸುಡುತ್ತದೆ.

ಕ್ರಮ ಹೀಗೆ. ಕುಕ್ಕರಿನ ತಳಕ್ಕೆ ಮಡಿಚಿದ ಬಟ್ಟೆ ಹಾಸಿ, ಎರಡು ಮೂರು ಬೆರಳು ನೀರು ಹಾಕಿ, ಬಾಟ್ಲಿ ನಿಲ್ಲಿಸಿ. ಮುಚ್ಚಳ ಹಾಕಿದ ಕೂಡಲೆ ಸೀಟಿ ಇಡಬೇಡಿ. ನಳಿಗೆಯಿಂದ ಹಬೆ ಒಂದೇ ಸಮ ಬರತೊಡಗಿದ ಮೇಲೆ ನಾಲ್ಕೈದು ನಿಮಿಷ ಹಾಗೇ ಬಿಡಿ, ಒಳಗಿನ ಗಾಳಿಯೆಲ್ಲ ಹೊರಟುಹೋಗಲಿ. ಗಾಳಿ ಸಿಕ್ಕಿಕೊಂಡ ಕಡೆ ಶಾಖ ಏರುವುದಿಲ್ಲ. ಆಮೇಲೆ ಸೀಟಿ ಇಡಿ. ಮೊದಲ ಸೀಟಿ ಕೂಗಿದ ಮೇಲೆ ಉರಿ ಸಣ್ಣಗೆ ಮಾಡಿ, ಆಗಲೇ ಗಡಿಯಾರ ನೋಡಿ. ಮುಗಿದ ಮೇಲೆ ಕುಕ್ಕರ್ ತಾನೇ ತಣಿಯಬೇಕು. ಅವಸರಕ್ಕೆ ಸೀಟಿ ಎತ್ತಿ ಹಬೆ ಬಿಟ್ಟರೆ ಬಾಟ್ಲಿಯೊಳಗಿನ ನೀರು ಭುಸ್ಸೆಂದು ಉಕ್ಕಿ ಹತ್ತಿ ತೋಯಿಸುತ್ತದೆ. ತೊಯ್ದ ಹತ್ತಿ ಬೂಷ್ಟಿಗೆ ಬಾಗಿಲು ತೆರೆದಿಟ್ಟ ಹಾಗೆ. ರಾತ್ರಿ ಕುಕ್ಕರ್ ಇಳಿಸಿ, ಬೆಳಿಗ್ಗೆ ಮುಚ್ಚಳ ತೆಗೆಯಿರಿ.

ಬಾಟ್ಲಿ ಆಯಿತು, ಅದರಲ್ಲಿ ಬಿತ್ತುವುದೇನು? ಇಂಟರ್‌ನೆಟ್ಟಿನಲ್ಲಿ ಸಿರಿಂಜ್ ತರಿಸಿ ನೇರ ಬಾಟ್ಲಿಗೆ ಚುಚ್ಚುವ ಆಸೆ ನಿಮಗಿದೆ ಎಂದು ಕೇಳಿದೆ. ಆ ಸಿರಿಂಜಿನೊಳಗೆ ಬರೇ ಅಣಬೆಯೇ ಇದೆ ಎಂದು ಯಾರು ಹೇಳಬೇಕು? ದ್ರವದಲ್ಲಿ ಒಳ್ಳೆಯದೂ ಕೆಟ್ಟದ್ದೂ ಕಲೆತು ಬೆಳೆಯುತ್ತವೆ, ಬೇರೆ ಮಾಡಲು ಬರುವುದಿಲ್ಲ. ಅಗರ್ ಮೇಲೆ ಹಾಗಲ್ಲ. ಬಿಳಿ ಎಳೆ ಒಂದು ಕಡೆ, ಬೂಷ್ಟು ಇನ್ನೊಂದು ಕಡೆ ಎಂದು ಕಣ್ಣಿಗೆ ಕಾಣುತ್ತದೆ. ಒಳ್ಳೆಯ ಅಂಚನ್ನು ಮಾತ್ರ ಕತ್ತರಿಸಿ ತೆಗೆಯಬಹುದು. ಆದ್ದರಿಂದ ಏನೇ ಬಂದರೂ ಮೊದಲು ಅಗರ್ ತಟ್ಟೆ, ಆಮೇಲೆ ಬಾಟ್ಲಿ.

ಅಗರ್ ಎಂದರೆ ಹೆದರಬೇಡಿ. ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಸಿಗುವುದು ಅದೇ, ಹಬ್ಬಕ್ಕೆ ಹಲ್ವಾ ಮಾಡುವವರು ಒಯ್ಯುವಂಥದ್ದು. 50 ಗ್ರಾಂ ಆಲೂಗಡ್ಡೆ ಹೆಚ್ಚಿ ಬೇಯಿಸಿ ಸೋಸಿದ ನೀರನ್ನು 250 ಮಿಲಿಗೆ ತುಂಬಿಸಿ, 5 ಗ್ರಾಂ ಡೆಕ್ಸ್ಟ್ರೋಸ್, 5 ಗ್ರಾಂ ಚೈನಾ ಗ್ರಾಸ್ ಪುಡಿ ಹಾಕಿ ಕರಗಿಸಿ. ಚಿಕ್ಕ ಗಾಜಿನ ಡಬ್ಬಿಗಳಲ್ಲಿ ಬೆರಳಿನ ಅಗಲದಷ್ಟು ಸುರಿದು, ಅದೇ ಕುಕ್ಕರಿನಲ್ಲಿ ಬೇಯಿಸಿ. ಶುದ್ಧ ತಳಿ ಬೇಕಾದರೆ ಹಿಮಾಚಲದ ಸೋಲನ್‌ನಲ್ಲಿರುವ ಅಣಬೆ ಸಂಶೋಧನಾ ನಿರ್ದೇಶನಾಲಯಕ್ಕೋ ಹೆಸರಘಟ್ಟಕ್ಕೋ ಬರೆದು ವಿಚಾರಿಸಿ. ಅದಾಗದಿದ್ದರೆ ನೀವೇ ಬೆಳೆದ ಚಿಪ್ಪಣಬೆಯಲ್ಲಿ ಗಟ್ಟಿಮುಟ್ಟಾದ ಎಳೆಯದೊಂದನ್ನು ಕೈಯಿಂದ ಸೀಳಿ, ತೊಟ್ಟು ಕೊಡೆ ಸೇರುವಲ್ಲಿ ಹೊರಗಾಳಿ ತಾಗದ ಒಳತಿರುಳನ್ನು ಅಕ್ಕಿಕಾಳಿನಷ್ಟು ತೆಗೆದು ಅಗರ್ ಮೇಲೆ ಇಡಿ. ಒಂದು ವಾರದಲ್ಲಿ ಬಿಳಿ ಎಳೆ ಸುತ್ತಲೂ ಹರಡುತ್ತದೆ.

ಈ ಕೆಲಸಕ್ಕೆಲ್ಲ ಗಾಳಿ ಅಲುಗದ ಜಾಗ ಬೇಕು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ಬಟ್ಟೆ ಇಡುವ ದೊಡ್ಡದು, ಬೋರಲು ಹಾಕಿ ಪಕ್ಕಕ್ಕೆ ಎರಡು ಕೈ ಹೋಗುವಷ್ಟು ತೂತು ಮಾಡಿದರೆ ಆಯಿತು. ಫ್ಯಾನ್ ಆರಿಸಿ, ಬಾಗಿಲು ಕಿಟಕಿ ಹಾಕಿ, ಡಬ್ಬದ ಒಳಮೈ, ನಿಮ್ಮ ಕೈ, ಬಾಟ್ಲಿ ಎಲ್ಲ ಶೇಕಡಾ 70ರ ಸ್ಪಿರಿಟ್‌ನಲ್ಲಿ ಒರೆಸಿ, ಹತ್ತು ನಿಮಿಷ ಸುಮ್ಮನೆ ಕೂತಿರಿ. ಹೆಣ್ಣುಮಕ್ಕಳು ಸೀರೆಯ ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಸ್ಪಿರಿಟ್ ಒರೆಸಿದ ಡಬ್ಬದೊಳಗೆ ಯಾವ ಕಾರಣಕ್ಕೂ ದೀಪ, ಲೈಟರ್ ಒಯ್ಯಬೇಡಿ. ಒಳಗೆ ತುಂಬಿದ ಆವಿ ಭಗ್ಗೆಂದು ಹತ್ತಿಕೊಳ್ಳುತ್ತದೆ, ಕೈ ಮುಖ ಸುಡುತ್ತದೆ. ಬ್ಲೇಡು, ಚಿಮಟ ಮೊದಲೇ ಫಾಯಿಲಿನಲ್ಲಿ ಸುತ್ತಿ ಕುಕ್ಕರಿನಲ್ಲಿ ಬೇಯಿಸಿಟ್ಟುಕೊಂಡರೆ ಬೆಂಕಿಯ ಗೊಡವೆಯೇ ಇಲ್ಲ.

ಅಗರ್ ಮೇಲೆ ಶುದ್ಧವಾಗಿ ಬೆಳೆದ ಅಂಚಿನಿಂದ ಬೆರಳುಗುರಿನಷ್ಟು ಎರಡು ತುಂಡು ಬಾಟ್ಲಿಗೆ ಹಾಕಿ ಮುಚ್ಚಳ ತಿರುಗಿಸಿ. ತಾರೀಖು, ತಳಿ ಬರೆದ ಚೀಟಿ ಅಂಟಿಸಿ. 22ರಿಂದ 26 ಡಿಗ್ರಿ ಇರುವ ಒಳಮನೆಯಲ್ಲಿಟ್ಟು ದಿನಕ್ಕೊಮ್ಮೆ ಮೆಲ್ಲಗೆ ಸುತ್ತಾಡಿಸಿ. ಜೋರಾಗಿ ಅಲುಗಿಸಿ ಹತ್ತಿಗೆ ನೀರು ಸಿಡಿಸಬೇಡಿ.

ಮೂರನೆಯ ದಿನಕ್ಕೋ ಐದನೆಯ ದಿನಕ್ಕೋ ತುಂಡಿನ ಸುತ್ತ ಬಿಳಿ ನವಿರು ಕಾಣುತ್ತದೆ. ಹತ್ತು ಹದಿನಾಲ್ಕು ದಿನಕ್ಕೆ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ಎಳೆಯ ಬಿಳಿ ಚೂರುಗಳು ತೇಲುತ್ತಿರಬೇಕು, ಅವುಗಳ ನಡುವಿನ ನೀರು ತಿಳಿಯಾಗಿರಬೇಕು, ಹಿಂದೆ ಇಟ್ಟ ಪತ್ರಿಕೆಯ ಅಕ್ಷರ ಓದಲು ಬರಬೇಕು. ನೀರೇ ಹಾಲುಮಬ್ಬಾಗಿದ್ದರೆ ಬ್ಯಾಕ್ಟೀರಿಯಾ. ಹತ್ತಿಯ ಬಳಿ ಮೂಗು ಒಯ್ದಾಗ ಹುಳಿ ವಾಸನೆ, ಹೆಂಡದ ವಾಸನೆ ಬಂದರೆ ಅದೂ ಕೆಟ್ಟದ್ದೇ. ಮೇಲೆ ಹಸಿರು, ಕಪ್ಪು ಚುಕ್ಕೆ ಕೂತಿದ್ದರೆ ಬೂಷ್ಟು. ಅಂಥ ಬಾಟ್ಲಿಯನ್ನು ಕೋಣೆಯೊಳಗೆ ತೆರೆಯದೆ ಮತ್ತೆ ಕುಕ್ಕರಿನಲ್ಲಿ ಬೇಯಿಸಿ ಚೆಲ್ಲಿ. ಸ್ವಲ್ಪ ಸೋಸಿ ನೋಡೋಣ, ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸೋಣ ಎನ್ನುವ ಮಾತು ಬೇಡ.

ಕಣ್ಣಿಗೆ ತಿಳಿಯಾಗಿ ಕಂಡ ಬಾಟ್ಲಿಯನ್ನೂ ನಂಬಬೇಡಿ. ಕೆಲವು ಬ್ಯಾಕ್ಟೀರಿಯಾ ನೀರನ್ನು ಕದಡದೆ ಎಳೆಯ ಸಂದಿಯಲ್ಲಿ ಅಡಗಿ ಕೂತಿರುತ್ತವೆ. ಜೂನ್ ಬಂದರೆ ನಮ್ಮ ಔರಾದದ ಕಡೆ ರೈತ ಏನು ಮಾಡುತ್ತಾನೆ? ಕರ್ನಾಟಕದಲ್ಲಿ ಸೋಯಾ ಹೆಚ್ಚಾಗಿ ಬಿತ್ತುವ ಜಿಲ್ಲೆ ನಮ್ಮದು, ಸೋಯಾ ಬೀಜ ಕೈಕೊಡುವುದೂ ನಮಗೆ ಗೊತ್ತು. ಚೀಲ ಎಷ್ಟೇ ಚಂದ ಇದ್ದರೂ ಬುದ್ಧಿವಂತ ರೈತ ಅದರಿಂದ ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವು ಎಂದು ನೋಡಿಯೇ ಹೊಲಕ್ಕೆ ಹೋಗುತ್ತಾನೆ. ಎಪ್ಪತ್ತಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಬಿತ್ತನೆಗೆ ಲಾಯಕ್ಕಲ್ಲ. ಬಾಟ್ಲಿಗೂ ಆ ಗೋಣಿತಟ್ಟಿನ ಪರೀಕ್ಷೆಯೇ. ಬೇಯಿಸಿದ ಸಿರಿಂಜಿನಿಂದ ಒಂದು ಹನಿ ತೆಗೆದು ಹೊಸ ಅಗರ್ ಡಬ್ಬಿಯ ಮೇಲೆ ಬಿಡಿ. ಒಂದು ವಾರ ಕಾಯಿರಿ. ಹನಿ ಬಿದ್ದ ಕಡೆಯಿಂದ ಬರೇ ಬಿಳಿ ಎಳೆ ಸುತ್ತ ಹರಡಿದರೆ ಬಾಟ್ಲಿ ಪಾಸು. ಒಂದೆರಡು ದಿನದಲ್ಲೇ ಮಿರಿಮಿರಿ ಹೊಳೆಯುವ ಲೋಳೆಯ ಬೊಟ್ಟು ಕಂಡರೆ ಆ ಬಾಟ್ಲಿ ಚೆಲ್ಲಬೇಕು, ಅದು ಕಣ್ಣಿಗೆ ಎಷ್ಟೇ ಚಂದ ಕಂಡಿದ್ದರೂ.

ಒಂದು ವಾರ ಯಾಕೆ ಕಳೆಯಬೇಕು ಎಂದು ಬೀದರದವನು ಕೇಳುತ್ತಾನೆ, ಅವನಿಗೆ ಎಲ್ಲದರಲ್ಲೂ ಅವಸರ. ಲೆಕ್ಕ ಹಾಕು. ಬಾಟ್ಲಿಯಲ್ಲಿ 400 ಮಿಲಿ ಇದೆ. ಅರ್ಧ ಕಿಲೋ ಜೋಳದ ಪ್ಯಾಕೆಟ್ಟಿಗೆ 5 ಮಿಲಿ ಚುಚ್ಚಿದರೆ 80 ಪ್ಯಾಕೆಟ್ ಆಗುತ್ತದೆ. ಕೆಟ್ಟ ಬಾಟ್ಲಿ ಎಂದರೆ 80 ಪ್ಯಾಕೆಟ್ ಕೆಟ್ಟಂತೆ. 40 ಕಿಲೋ ಜೋಳ, ಅದಕ್ಕೆ ಉರಿಸಿದ ಗ್ಯಾಸು, ಅದರ ಹಿಂದೆ ಬೇಯಿಸುವ ಹೊಟ್ಟು, ಎಲ್ಲ ತಿಪ್ಪೆಗೆ. ಕಾಳಿನ ಬೀಜದಲ್ಲಿ ಒಂದು ಪ್ಯಾಕೆಟ್ ಕೆಟ್ಟರೆ ಎತ್ತಿ ಹೊರಗಿಡಬಹುದು. ದ್ರವದಲ್ಲಿ ಕೇಡೂ ಅಷ್ಟೇ ಚುರುಕಾಗಿ ಎಲ್ಲ ಕಡೆ ಹಂಚಿಹೋಗುತ್ತದೆ. ಒಂದು ಹನಿಯ ಪರೀಕ್ಷೆಗೆ ಖರ್ಚು ಎಷ್ಟು? ಒಂದು ಚಿಟಿಕೆ ಚೈನಾ ಗ್ರಾಸ್.

ಜೋಳದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಜೋಳ ಬೇಯಿಸುವುದನ್ನು ಬೀದರದವರಿಗೆ ಹೇಳಿಕೊಡಬೇಕಾ? ರಾತ್ರಿ ನೆನೆಹಾಕಿ, ಬೆಳಿಗ್ಗೆ 20 ನಿಮಿಷ ಕುದಿಸಿ. ಕಾಳು ಮೆತ್ತಗಾಗಬೇಕು, ಒಡೆಯಬಾರದು. ಬಟ್ಟೆಯ ಮೇಲೆ ಹರವಿ ಮೇಲಿನ ಪಸೆ ಆರಿಸಿ. ಕಿಲೋ ಜೋಳಕ್ಕೆ 20 ಗ್ರಾಂ ಜಿಪ್ಸಮ್, 5 ಗ್ರಾಂ ಸೀಮೆಸುಣ್ಣದ ಪುಡಿ ಬೆರೆಸಿದರೆ ಕಾಳು ಒಂದಕ್ಕೊಂದು ಅಂಟುವುದಿಲ್ಲ. ಇದಕ್ಕೆ ಕುಕ್ಕರಿನಲ್ಲಿ ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತಿಗೆ ತಳದ ನೀರು ಬತ್ತದಂತೆ ಮೊದಲೇ ಹೆಚ್ಚು ನೀರು ಹಾಕಿ, ಉರಿ ಸಣ್ಣಗಿಡಿ. ನೀರು ಬತ್ತಿದ ಕುಕ್ಕರಿನ ವಾಲ್ವ್ ಹಾರುತ್ತದೆ. ಆ ಒಂದೂವರೆ ಗಂಟೆ ಮನೆ ಬಿಟ್ಟು ಹೋಗಬೇಡಿ, ಮೊಬೈಲ್ ಹಿಡಿದು ಮಾಳಿಗೆಗೂ ಹೋಗಬೇಡಿ. ತಣಿದ ಮೇಲೆ ಬಾಟ್ಲಿಯಿಂದ ಚುಚ್ಚಿ. ಒಂದೆರಡು ವಾರದಲ್ಲಿ ಕಾಳೆಲ್ಲ ಬೆಳ್ಳಗಾಗುತ್ತದೆ.

ಇನ್ನು ಮೂವರಿಗೂ ಒಂದೊಂದು ಬೇರೆ ಮಾತು. ಬೀದರದವನೇ, ನೀನು ಮಲಗುವ ಕೋಣೆಯಲ್ಲೇ ಅಣಬೆ ಚೀಲ ತೂಗುಹಾಕಬೇಡ. ಚಿಪ್ಪಣಬೆ ಬಲಿತಾಗ ಕಣ್ಣಿಗೆ ಕಾಣದ ಬೀಜಕಣಗಳನ್ನು ರಾಶಿ ರಾಶಿ ಉದುರಿಸುತ್ತದೆ. ಅದನ್ನು ದಿನವೂ ಉಸಿರಿಗೆ ಎಳೆದುಕೊಂಡವರಿಗೆ ಕೆಮ್ಮು, ಜ್ವರ, ಉಬ್ಬಸ ಹತ್ತುತ್ತದೆ. ನಿನಗೆ ಚಿಕ್ಕಂದಿನಿಂದ ದಮ್ಮಿನ ಕಾಟ ಬೇರೆ. ನಿನ್ನ ಕೋಣೆ ಬಾಟ್ಲಿಗೂ ಅಗರಿಗೂ ಸರಿ, ಅಲ್ಲಿಗೇ ನಿಲ್ಲಿಸು. ಚೀಲಗಳು ಭಾಲ್ಕಿಗೋ ಔರಾದಕ್ಕೋ ಹೋಗಲಿ. ಮೂವರೂ ಎಲ್ಲವನ್ನೂ ಮಾಡಬೇಕೆಂದು ಯಾರು ಹೇಳಿದರು?

ಭಾಲ್ಕಿಯವನೇ, ಕಾರಂಜಾ ಜಲಾಶಯದ ನೀರಿನ ಆಸರೆ ನಿನಗಿದೆ, ಕಬ್ಬಿನ ರವದಿಯೂ ಬೇಕಾದಷ್ಟು ಬೀಳುತ್ತದೆ. ಕಬ್ಬು ಕಡಿದ ಮೇಲೆ ಅದಕ್ಕೆ ಬೆಂಕಿ ಹಚ್ಚುವ ಬದಲು ಒಂದು ಗಾಡಿ ಒಣಗಿಸಿ ಮಳೆಗೆ ಸಿಗದಂತೆ ಒಟ್ಟಿಡು. ಕತ್ತರಿಸಿ ನೆನೆಸಿ, 80 ಡಿಗ್ರಿಗೆ ಕಾಯಿಸಿದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿದರೆ ಚಿಪ್ಪಣಬೆಗೆ ಸಾಕು. ಹೊಟ್ಟಿಗೆ ಬಾವಿಸ್ಟಿನ್, ಫಾರ್ಮಲಿನ್‌ನಂಥ ರಾಸಾಯನಿಕ ಬೆರೆಸುವ ಪದ್ಧತಿ ಇದೆ, ಪುಸ್ತಕದಲ್ಲೂ ಬರೆದಿದ್ದಾರೆ. ನಾನು ಬೇಡ ಎನ್ನುತ್ತೇನೆ. ಮನೆಯಲ್ಲಿ ಮಕ್ಕಳಿದ್ದಾರೆ, ಉರುವಲಿದೆ, ನೀರಿದೆ, ಕಾಯಿಸಿಕೋ.

ಔರಾದದ ತಂಗೀ, ನಿನ್ನ ಸಂಘದ ಹೆಣ್ಣುಮಕ್ಕಳಿಗೆ ದೀಪಾವಳಿ ಹೊತ್ತಿಗೆ ಸೋಯಾ ರಾಶಿಯ ಹೊಟ್ಟು ಸಿಗುತ್ತದೆ. ಒಳ್ಳೆಯ ಪದಾರ್ಥ, ಇಳುವರಿಯೂ ಛಲೋ. ಆದರೆ ಅದರಲ್ಲಿ ಸಾರಜನಕ ಹೆಚ್ಚು, ಬೇಯುವುದು ಸ್ವಲ್ಪ ಕಡಿಮೆಯಾದರೂ ಹಸಿರು ಬೂಷ್ಟು ಹತ್ತುತ್ತದೆ. ಮಳೆಯಲ್ಲಿ ನೆಂದು ಕಪ್ಪಾದ ಹೊಟ್ಟು ಪುಕ್ಕಟೆ ಕೊಟ್ಟರೂ ಬೇಡ. ಕಣಕಿಯನ್ನೂ ಮುಟ್ಟಬೇಡ, ಅದು ದನದ ಪಾಲು. ದೇವಣಿ ಆಕಳು ಕಟ್ಟಿದ ಮನೆಯಲ್ಲಿ ಬೇಸಿಗೆಗೆ ಮೇವು ಇಲ್ಲದಂತೆ ಮಾಡಿ ಅಣಬೆ ಬೆಳೆದರೆ ನಿನ್ನ ಅತ್ತೆ ನನಗೆ ಬೈಯುತ್ತಾಳೆ, ಬೈಯುವುದು ಸರಿಯೂ ಹೌದು.

ಹವೆಯ ಲೆಕ್ಕವೂ ಇರಲಿ. ಕಲಬುರಗಿಗಿಂತ ನಮ್ಮ ಊರು ತಂಪು. ಮುಂಗಾರು ಹಿಡಿದ ಮೇಲಿನಿಂದ ಫೆಬ್ರುವರಿವರೆಗೂ ಚಿಪ್ಪಣಬೆ ಬೆಳೆಯಬಹುದು. ಮಾರ್ಚ್ ಹತ್ತಿದ ಮೇಲೆ ಅದನ್ನು ಎಳೆದಾಡಬೇಡಿ. 30ರಿಂದ 35 ಡಿಗ್ರಿಯ ಸೆಕೆ ಬೇಕಾದ್ದು ಹಾಲಣಬೆಗೆ. ಅದು ನಮ್ಮ ದೇಶದ್ದೇ ಜಾತಿ, 1974ರಲ್ಲಿ ಬಂಗಾಲದ ವಿಜ್ಞಾನಿಗಳು ಅದನ್ನು ಕ್ಯಾಲೊಸೈಬಿ ಇಂಡಿಕಾ ಎಂದು ದಾಖಲಿಸಿದರು. ಆದರೆ ಬೀದರದ ಮೇ ತಿಂಗಳು 40 ದಾಟುತ್ತದೆ, ಹಾಲಣಬೆಗೂ ಅದು ಅತಿಯಾಯಿತು. ದಪ್ಪ ಗೋಡೆಯ ಹಳೆಯ ಮನೆ, ನೆಲಕ್ಕೆ ಮರಳು ಸುರಿದು ನೀರು ಹೊಡೆದ ಕೋಣೆ ಇದ್ದವರು ಮಾಡಲಿ, ತಗಡಿನ ಶೆಡ್ಡಿನವರು ಬೇಸಿಗೆಗೆ ಸುಮ್ಮನಿರಲಿ. ಪಾಸಾದ ಚಿಪ್ಪಣಬೆ ಬಾಟ್ಲಿಯನ್ನು ಫ್ರಿಜ್ಜಿನಲ್ಲಿ ಎರಡು ಮೂರು ತಿಂಗಳು ಇಡಬಹುದು. ಹಾಲಣಬೆಯ ಬಾಟ್ಲಿಯನ್ನು ಫ್ರಿಜ್ಜಿಗೆ ಹಾಕಬೇಡಿ, ಅದು ಸೆಕೆಯ ಜಾತಿ, ಚಳಿ ಅದಕ್ಕೆ ಆಗದು. ಬಾಟ್ಲಿಯಿಂದ ಬಾಟ್ಲಿಗೆ, ಅದರಿಂದ ಮತ್ತೊಂದಕ್ಕೆ ಎಂದು ಎಳೆಯುತ್ತಲೂ ಹೋಗಬೇಡಿ, ತಳಿ ಮುದಿಯಾಗುತ್ತದೆ. ಮೂಲ ತಳಿ ಅಗರ್ ಮೇಲೆ ಬೇರೆಯಾಗಿ ಇರಲಿ, ಪ್ರತಿ ಹೊಸ ಬಾಟ್ಲಿ ಅಲ್ಲಿಂದಲೇ ಹೊರಡಲಿ.

ಎರಡು ಕಡೆ ಹೋಗಬೇಡಿ. ಮೊದಲ ಮಳೆಗೆ ಬದುವಿನಲ್ಲಿ, ತಿಪ್ಪೆಯ ಮೇಲೆ ಏಳುವ ಅಣಬೆ ಕಿತ್ತು ತಂದು ಬಾಟ್ಲಿಗೆ ಹಾಕುವ ಪ್ರಯೋಗ ಬೇಡ. ಗುರುತು ತಪ್ಪಿದರೆ ಜೀವಕ್ಕೆ ಬರುತ್ತದೆ. ಹುತ್ತದ ಮೇಲೆ ಏಳುವ ರುಚಿಯಾದ ಅಣಬೆಯಾದರೂ ಗೆದ್ದಲಿನ ಜೊತೆ ಬದುಕುವ ಜಾತಿ. ಬಾಟ್ಲಿಯಲ್ಲಿ ಎಳೆ ಬಂದರೂ ನಿಮ್ಮ ಚೀಲದಲ್ಲಿ ಅಣಬೆ ಏಳುವುದಿಲ್ಲ. ಇನ್ನೊಂದು, ಇಂಟರ್‌ನೆಟ್ಟಿನಲ್ಲಿ ಅಮಲಿನ ಅಣಬೆಯ ಸಿರಿಂಜ್ ಮಾರುವವರಿದ್ದಾರೆ. ಆ ಅಣಬೆಯಲ್ಲಿರುವ ಸೈಲೊಸಿಬಿನ್ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಕುತೂಹಲಕ್ಕೆ ತರಿಸಿದ್ದು ಎಂದರೆ ಪೊಲೀಸರು ಕೇಳುವುದಿಲ್ಲ.

ಕೊನೆಗೆ ದುಡ್ಡಿನ ಮಾತು. ನಾಲ್ಕು ಬೆಳೆ ತೆಗೆದ ಮೇಲೆ ಓಣಿಯವರು, ಸಂಘದವರು ನಮಗೂ ಒಂದು ಸಿರಿಂಜ್ ಕೊಡು ಎಂದು ಬರುತ್ತಾರೆ. ಆಗಲೇ ನಿಮ್ಮ ಪರೀಕ್ಷೆ. ನಿಮ್ಮ ಜೋಳ ಕೆಟ್ಟರೆ ನಿಮ್ಮ ನಷ್ಟ. ಸಾಲ ತೆಗೆದು ಚೀಲ ಕಟ್ಟಿದ ಹೆಂಗಸಿಗೆ ಕೊಟ್ಟ ಬೀಜ ಕೆಟ್ಟರೆ ಅವಳು ಇನ್ನೊಮ್ಮೆ ಅಣಬೆಯ ಹೆಸರೆತ್ತುವುದಿಲ್ಲ, ಬಡ್ಡಿ ಮಾತ್ರ ಕಟ್ಟುತ್ತಿರುತ್ತಾಳೆ. ಹನಿ ಪರೀಕ್ಷೆಯಲ್ಲಿ ಪಾಸಾಗದ ಬಾಟ್ಲಿಯಿಂದ ದುಡ್ಡಿಗೂ ಕೊಡಬೇಡಿ, ಪುಕ್ಕಟೆಯೂ ಕೊಡಬೇಡಿ. ಪಾಸಾದದ್ದನ್ನು ಕೊಡುವಾಗ ತಳಿ, ಬಿತ್ತಿದ ತಾರೀಖು, ಪರೀಕ್ಷೆಯ ತಾರೀಖು ಮೂರನ್ನೂ ಬರೆದುಕೊಡಿ, ಒಂದು ವಹಿಯಲ್ಲಿ ನೀವೂ ಬರೆದಿಟ್ಟುಕೊಳ್ಳಿ. ಲೆಕ್ಕ ಬರೆಯುವ ಕೈ ಔರಾದದವಳದು, ಆ ವಹಿ ಅವಳ ಹತ್ತಿರವೇ ಇರಲಿ.

ಭಾಲ್ಕಿಯವನು ಕಳೆದ ಸೋಮವಾರ ಕಳಿಸಿದ ಫೋಟೊ ನೋಡಿದೆ. ಎಳೆ ಚಂದ ಬಂದಿದೆ, ನೀರೂ ತಿಳಿಯಾಗಿಯೇ ಕಾಣುತ್ತದೆ. ಆದರೆ ಬಾಟ್ಲಿಯ ಹಿಂದೆ ನೆನೆಹಾಕಿದ ಜೋಳದ ಬುಟ್ಟಿಯೂ ಕಂಡಿತು. ಆ ಜೋಳ ಅರೆದು ರೊಟ್ಟಿ ಮಾಡಲು ಬರುವುದಿಲ್ಲ, ತಿಪ್ಪೆಗೆ ಹಾಕಿಬಿಡು. ಇವತ್ತು ಅಗರ್ ಮೇಲೆ ಒಂದು ಹನಿ ಬಿಟ್ಟು, ಬರುವ ವಾರ ಅದರ ಫೋಟೊ ಕಳಿಸು.